ಶಸ್ತ್ರಾಗಾರದ ಮೇಜಿನ ಮುಂದೆ ಹೊಸ ಪಿಎಸ್‌ಐ: ಸೊಂಟದ ಪಿಸ್ತೂಲು ಆರಿಸಿಕೊಳ್ಳುವ ಬಗೆ

ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಇರುತ್ತಿದ್ದರು. ಮೈಸೂರಿನ ಪೊಲೀಸ್ ಅಕಾಡೆಮಿಯೋ ಕಲಬುರಗಿಯ ನಾಗನಹಳ್ಳಿ ಪೊಲೀಸ್ ತರಬೇತಿ ಕಾಲೇಜೋ ಮುಗಿಸಿ ಬಂದು, ಹೆಗಲ ಮೇಲಿನ ಎರಡು ನಕ್ಷತ್ರದ ಹೊಳಪು ಮಾಸುವ ಮೊದಲೇ ನಮ್ಮ ಮೇಜಿನ ಮುಂದೆ ನಿಂತು ಕೇಳುವ ಮೊದಲ ಮಾತು: “ಗ್ಲಾಕ್ ಐತೇನ್ರಿ?”

“ಇಲ್ರಿ ಸರ. ಇದ್ದದ್ರಾಗ ಛಲೋದು ನೋಡಿ ಕೊಡ್ತೀನಿ, ಬರ್ರಿ ಒಳಗ.”

ನಾನು ಈ ಭಾಗದ ಜಿಲ್ಲೆಯೊಂದರ ಸಶಸ್ತ್ರ ಮೀಸಲು ಪಡೆಯಲ್ಲಿ ಮುಖ್ಯ ಪೇದೆಯಾಗಿ, ಆಮೇಲೆ ಎಆರ್‌ಎಸ್‌ಐ (ಸಹಾಯಕ ಮೀಸಲು ಸಬ್ ಇನ್‌ಸ್ಪೆಕ್ಟರ್) ಆಗಿ ನಿವೃತ್ತನಾದವನು. ಸೇವೆಯ ಬಹುಪಾಲು ಶಸ್ತ್ರಾಗಾರದಲ್ಲೇ ಕಳೆದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಮೊದಲ ಪೋಸ್ಟಿಂಗ್ ಸಿಕ್ಕಿರುವ ಹುಡುಗರು, ಹುಡುಗಿಯರು ಈಗಲೂ ಫೋನ್ ಮಾಡಿ ಕೇಳುವುದನ್ನೆಲ್ಲ ಒಂದು ಕಡೆ ಬರೆದಿಟ್ಟರೆ ನನ್ನ ಗಂಟಲಿಗಾದರೂ ವಿಶ್ರಾಂತಿ ಅಂತ ಕೂತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಅಧಿಕಾರಿ ಅಂಗಡಿಗೆ ಹೋಗಿ ಕರ್ತವ್ಯದ ಪಿಸ್ತೂಲು ಕೊಳ್ಳುವುದಿಲ್ಲ. ಅಮೆರಿಕದ ಕೆಲವು ಪೊಲೀಸ್ ಇಲಾಖೆಗಳಲ್ಲಿ ಒಪ್ಪಿಗೆಯ ಪಟ್ಟಿ ಕೊಟ್ಟು, ಅದರಲ್ಲಿ ಬೇಕಾದ್ದನ್ನು ನೀವೇ ತಗೊಳ್ಳಿ ಅನ್ನುವ ಪದ್ಧತಿ ಇದೆ. ಮೊಬೈಲಿನಲ್ಲಿ ನೀವು ನೋಡುವ ವಿಡಿಯೊಗಳ ಜಗಳವೆಲ್ಲ ಅಲ್ಲಿಯದು. ಇಲ್ಲಿ ಇಲಾಖೆ ಕೊಟ್ಟದ್ದೇ ಪಿಸ್ತೂಲು. ಹಾಗಾದರೆ ಆಯ್ಕೆ ಎಲ್ಲಿದೆ? ಕಪಾಟಿನಲ್ಲಿ ಸಾಲಾಗಿ ನಿಂತಿರುವ ಒಂದೇ ಮಾದರಿಯ ಹತ್ತು ಪಿಸ್ತೂಲುಗಳಲ್ಲಿ ನಿಮ್ಮ ಹೆಸರಿಗೆ ಯಾವ ನಂಬರಿನದು ಬೀಳುತ್ತದೆ ಅನ್ನುವುದರಲ್ಲಿದೆ. ಒಂದೇ ತಾಯಿಯ ಮಕ್ಕಳಾದರೂ ಒಂದೊಂದರ ಗುಣ ಒಂದೊಂದು. ಹೊಸ ಅಧಿಕಾರಿಗಳಲ್ಲಿ ಹೆಚ್ಚಿನವರು ಈ ಆಯ್ಕೆಯನ್ನು ಮಾಡುವುದೇ ಇಲ್ಲ. ಕೊಟ್ಟದ್ದಕ್ಕೆ ಸಹಿ ಹಾಕಿ ಜೀಪು ಹತ್ತುತ್ತಾರೆ.

ಮೊದಲು ಮಾದರಿಯ ಗೊಂದಲ ಮುಗಿಸೋಣ

ಠಾಣೆಯ ಪಿಎಸ್‌ಐಗೆ ಸಾಮಾನ್ಯವಾಗಿ ಸಿಗುವುದು ಎರಡರಲ್ಲಿ ಒಂದು: 9 ಎಂಎಂ ಪಿಸ್ತೂಲು, ಇಲ್ಲವೇ .38 ರಿವಾಲ್ವರ್.

9 ಎಂಎಂ ಅಂದರೆ ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯ ‘1ಎ’. ಇದರ ಮೂಲ ಬ್ರೌನಿಂಗ್ ಹೈಪವರ್. ಜಾನ್ ಬ್ರೌನಿಂಗ್ ಶುರು ಮಾಡಿ 1926ರಲ್ಲಿ ತೀರಿಕೊಂಡ ಮೇಲೆ ಬೆಲ್ಜಿಯಂನ ಎಫ್‌ಎನ್ ಕಂಪನಿಯ ಸೈವ್ ಎಂಬಾತ ಮುಗಿಸಿದ ವಿನ್ಯಾಸ, 1935ರಲ್ಲಿ ಹೊರಬಂತು. ಗುಂಡು ತುಂಬಿ ಹಿಡಿಕೆಯೊಳಗೆ ತೂರಿಸುವ ಪೆಟ್ಟಿಗೆ, ಅಂದರೆ ಮ್ಯಾಗಜಿನ್‌ಗೆ, 13 ಗುಂಡು. ಮೈಯೆಲ್ಲ ಉಕ್ಕು, ತುಂಬಿದರೆ ಕಿಲೋ ದಾಟುತ್ತದೆ. ಇದು ಸಿಂಗಲ್ ಆ್ಯಕ್ಷನ್: ಹಿಂಬದಿಯ ಸುತ್ತಿಗೆ, ಅಂದರೆ ಹ್ಯಾಮರ್, ಹಿಂದಕ್ಕೆ ಎಳೆದು ನಿಂತಿದ್ದರೆ ಮಾತ್ರ ಟ್ರಿಗರ್‌ಗೆ ಕೆಲಸ, ಇಲ್ಲದಿದ್ದರೆ ಎಷ್ಟು ಒತ್ತಿದರೂ ಏನೂ ಆಗದು.

.38 ರಿವಾಲ್ವರ್ ಹಳೆಯ ಕಾಲದ ಮುದುಕ. ಆರು ಗುಂಡು, ನಿಧಾನದ ಭಾರವಾದ ಗುಂಡು, ಮತ್ತೆ ತುಂಬುವುದು ತಡ. ಆದರೆ ಟ್ರಿಗರ್ ತಡೆಯುವ ಸೇಫ್ಟಿ ಎಲ್ಲಿದೆ, ಗುಂಡು ಏರಿಸಲು ಹಿಂದಕ್ಕೆಳೆಯುವ ಮೇಲ್ಭಾಗವಾದ ಸ್ಲೈಡ್ ಎಳೆದೆನೋ ಇಲ್ಲವೋ ಎಂಬ ಲೆಕ್ಕಾಚಾರ ಇಲ್ಲ. ಒಂದು ಗುಂಡು ಹಾರಲಿಲ್ಲವೇ, ಮತ್ತೊಮ್ಮೆ ಟ್ರಿಗರ್ ಎಳೆದರೆ ಮುಂದಿನದು ಬರುತ್ತದೆ. ವರ್ಷಕ್ಕೊಮ್ಮೆ ಮಾತ್ರ ಫೈರಿಂಗ್‌ಗೆ ಬರುವ ಅಧಿಕಾರಿಗೆ ನಾನು ಮುಲಾಜಿಲ್ಲದೆ ರಿವಾಲ್ವರ್ ಹೇಳುತ್ತಿದ್ದೆ. ಕೆಲವರಿಗೆ ಅವಮಾನ ಆಗುತ್ತಿತ್ತು. ಆಗಲಿ ಬಿಡಿ. ತಿಂಗಳಿಗೊಮ್ಮೆಯಾದರೂ ಖಾಲಿ ಪಿಸ್ತೂಲು ಹಿಡಿದು ಅಭ್ಯಾಸ ಮಾಡುತ್ತೇನೆ ಅನ್ನುವವರಿಗೆ 9 ಎಂಎಂ.

ಇನ್ನು ಗ್ಲಾಕ್. 1982ರಲ್ಲಿ ಆಸ್ಟ್ರಿಯಾದ ಸೇನೆ ಒಪ್ಪಿದ ಪಿಸ್ತೂಲು, ಕೆಳಭಾಗ ಪ್ಲಾಸ್ಟಿಕ್, 17 ಗುಂಡು, ಹಗುರ. ಒಳ್ಳೆಯದೇ. ನಮ್ಮ ದೇಶದಲ್ಲಿ ಅದು ಎನ್‌ಎಸ್‌ಜಿಯಂಥ ವಿಶೇಷ ಪಡೆಗಳ ಕೈಯಲ್ಲಿ ಹೆಚ್ಚು. ಅದಕ್ಕೆ ಹೆಬ್ಬೆರಳಿನ ಸೇಫ್ಟಿ ಇಲ್ಲ, ಟ್ರಿಗರ್‌ನಲ್ಲೇ ಇರುವ ಸಣ್ಣ ನಾಲಗೆಯೇ ಸೇಫ್ಟಿ. ಕೈ ಪಳಗದವರಿಗೆ ಅದು ವರವೂ ಅಲ್ಲ. ಕ್ಯಾಲಿಬರ್ (ಗುಂಡಿನ ಅಗಲ) ದೊಡ್ಡದಿದ್ದರೆ ಒಳ್ಳೆಯದು ಎಂಬ ವಾದವೂ ಹಳೆಯದಾಯಿತು. ಅಮೆರಿಕದ ಎಫ್‌ಬಿಐ ದೊಡ್ಡ ಗುಂಡಿನ ಹಿಂದೆ ಹೋಗಿ ಮತ್ತೆ 9 ಎಂಎಂಗೇ ಮರಳಿತು. ಇಲ್ಲಿಗೆ ಈ ಮಾತು ಸಾಕು.

ಕೈಗೆ ಕೂರುತ್ತದೆಯೇ ನೋಡಿ

ಆರ್ಮರರ್, ಅಂದರೆ ಶಸ್ತ್ರಾಗಾರ ನೋಡಿಕೊಳ್ಳುವವರು, ಪಿಸ್ತೂಲು ಕೊಡುವಾಗ ಸ್ಲೈಡ್ ಹಿಂದಕ್ಕೆ ಎಳೆದು, ಒಳಗೆ ಖಾಲಿ ಇರುವುದನ್ನು ತೋರಿಸಿ ಕೊಡಬೇಕು. ಕೊಡದಿದ್ದರೆ ನೀವು ಎಳೆದು ನೋಡಿ. ಅವರ ಎದುರೇ ನೋಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಅವರು ಆ ಕೆಲಸಕ್ಕೆ ತಕ್ಕವರಲ್ಲ.

ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲು ಹಿಡಿಕೆಯ ಹಿಂಭಾಗದಲ್ಲಿ ಆದಷ್ಟು ಮೇಲಕ್ಕೆ ಕೂರಬೇಕು. ನಳಿಗೆ ಮತ್ತು ಮುಂಗೈ ಮೂಳೆ ಒಂದೇ ಗೆರೆಯಲ್ಲಿ ಬರಬೇಕು. ಹಾಗೆ ಹಿಡಿದಾಗ ತೋರುಬೆರಳಿನ ತುದಿ, ಅಂದರೆ ಮೊದಲ ಗಿಣ್ಣಿಗಿಂತ ಮುಂದಿನ ಭಾಗ, ಟ್ರಿಗರ್ ಮೇಲೆ ಸಲೀಸಾಗಿ ಬರುತ್ತದೆಯೇ? ಸೇಫ್ಟಿಯನ್ನು ಹಿಡಿತ ಬದಲಿಸದೆ ಹೆಬ್ಬೆರಳಿಂದಲೇ ಕೆಳಗೆ ಒತ್ತಬಹುದೇ? 1ಎ ಪಿಸ್ತೂಲಿನ ಸೇಫ್ಟಿ ಸಣ್ಣದು, ಮೊದಲ ದಿನ ಎಲ್ಲರಿಗೂ ಕಷ್ಟ. ಎಡಗೈಯವರಿಗೆ ಇನ್ನೂ ಕಷ್ಟ, ಏಕೆಂದರೆ ಅದು ಇರುವುದು ಎಡಬದಿಯಲ್ಲಿ, ಬಲಗೈ ಹೆಬ್ಬೆರಳಿಗಾಗಿ.

ಹದಿಮೂರು ಗುಂಡು ಎರಡು ಸಾಲಾಗಿ ಕೂರುವುದರಿಂದ ಹಿಡಿಕೆ ದಪ್ಪ. ಮಹಿಳಾ ಅಧಿಕಾರಿಗಳು, ಅಂಗೈ ಚಿಕ್ಕದಿರುವ ಗಂಡಸರೂ ಇಲ್ಲಿ ಸುಮ್ಮನೆ ಹೊಂದಿಕೊಳ್ಳುತ್ತಾರೆ. ಹೊಂದಿಕೊಳ್ಳಬೇಡಿ, ಕೇಳಿ. ಎರಡು ಬದಿಯ ಹಿಡಿಕೆ ಫಲಕಗಳು ಬಿಚ್ಚಿ ಹಾಕುವಂಥವು, ಪಿಸ್ತೂಲಿನಿಂದ ಪಿಸ್ತೂಲಿಗೆ ಸವೆತದಲ್ಲಿ ವ್ಯತ್ಯಾಸ ಇರುತ್ತದೆ. ಸಿಂಧನೂರು ಕಡೆ ಹೊರಟಿದ್ದ ಒಬ್ಬ ಮೇಡಂ ಐದು ಪಿಸ್ತೂಲು ಒಂದೊಂದಾಗಿ ಹಿಡಿದು ನೋಡಿದರು. ಹಿಂದೆ ನಿಂತಿದ್ದ ಇಬ್ಬರು ಸಾಹೇಬರು ನಕ್ಕರು. ಐದನೆಯದರ ಫಲಕ ಸವೆದು ನುಣುಪಾಗಿತ್ತು, ಅವರ ಬೆರಳು ಟ್ರಿಗರ್‌ಗೆ ಸರಿಯಾಗಿ ತಲುಪಿತು. ಆ ವರ್ಷದ ಫೈರಿಂಗ್‌ನಲ್ಲಿ ನಕ್ಕ ಇಬ್ಬರಿಗಿಂತ ಅವರ ಅಂಕ ಹೆಚ್ಚು.

ಆ ಒಂದು ಪಿಸ್ತೂಲನ್ನು ಪರೀಕ್ಷಿಸುವುದು

ಇದಕ್ಕೆ ಹದಿನೈದು ನಿಮಿಷ ಬೇಕು. ಮೇಜಿನ ಮೇಲೆ, ಹತ್ತಿರದಲ್ಲಿ ಒಂದೂ ಜೀವಂತ ಗುಂಡು ಇಲ್ಲದಂತೆ, ಆರ್ಮರರ್ ಸಮ್ಮುಖದಲ್ಲೇ ಮಾಡಿ.

ಮೊದಲು ಖಾಲಿ ಮಾಡುವ ಕ್ರಮ. ಮ್ಯಾಗಜಿನ್ ಹೊರಗೆ. ಆಮೇಲೆ ಸ್ಲೈಡ್ ಎರಡು ಮೂರು ಸಲ ಪೂರ್ತಿ ಹಿಂದಕ್ಕೆ. ಆಮೇಲೆ ಕಣ್ಣಿಂದ ಚೇಂಬರ್, ಅಂದರೆ ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಮನೆ, ನೋಡಿ, ಕಿರುಬೆರಳು ಹಾಕಿ ಮುಟ್ಟಿ. ಈ ಕ್ರಮ ತಿರುವುಮುರುವಾದರೆ ಏನಾಗುತ್ತದೆ ಅನ್ನುವುದಕ್ಕೆ ನಾನು ಕಂಡದ್ದೇ ಇದೆ. ಊರು, ಠಾಣೆ ಬೇಡ. ಒಬ್ಬ ಅಧಿಕಾರಿ ರಾತ್ರಿ ಗಸ್ತು ಮುಗಿಸಿ ಬಂದು, ಮೊದಲು ಸ್ಲೈಡ್ ಎಳೆದರು, ಒಂದು ಗುಂಡು ಹೊರಗೆ ಹಾರಿತು. ಮ್ಯಾಗಜಿನ್ ಇನ್ನೂ ಒಳಗೇ ಇದ್ದುದರಿಂದ ಸ್ಲೈಡ್ ಮುಂದೆ ಹೋಗುವಾಗ ಇನ್ನೊಂದು ಗುಂಡು ಚೇಂಬರ್‌ಗೆ ಹತ್ತಿತು. ಆಮೇಲೆ ಮ್ಯಾಗಜಿನ್ ತೆಗೆದರು, ಟ್ರಿಗರ್ ಒತ್ತಿದರು, ಏನೂ ಆಗಲಿಲ್ಲ. ಈ ವಿನ್ಯಾಸದಲ್ಲಿ ಮ್ಯಾಗಜಿನ್ ಹೊರಗಿದ್ದರೆ ಟ್ರಿಗರ್ ಕೆಲಸ ಮಾಡದಂತೆ ಒಂದು ತಡೆ ಇದೆ. “ಖಾಲಿ ಐತಿ” ಅಂತ ಅವರ ಮನಸ್ಸಿಗೆ ಖಾತ್ರಿ ಆಯಿತು. ಮ್ಯಾಗಜಿನ್‌ನ ಗುಂಡು ಬಿಚ್ಚಿಟ್ಟು, ಖಾಲಿ ಮ್ಯಾಗಜಿನ್ ಮತ್ತೆ ಹಾಕಿ, ಹ್ಯಾಮರ್ ಇಳಿಸೋಣ ಅಂತ ಇನ್ನೊಮ್ಮೆ ಒತ್ತಿದರು. ಗುಂಡು ಕಬ್ಬಿಣದ ಅಲ್ಮೇರಾ ತೂರಿ ಹಳೇ ಕೇಸ್ ಫೈಲುಗಳ ನಡುವೆ ನಿಂತಿತು. ಅಲ್ಮೇರಾ ಪಕ್ಕದಲ್ಲಿ ಠಾಣೆಯ ಕಡತ ಬರೆಯುವ ರೈಟರ್ ಕೂರುವ ಕುರ್ಚಿ. ಅವರು ಚಹಾ ತರಲು ಹೊರಗೆ ಹೋಗಿದ್ದರು.

ಆದ್ದರಿಂದ ಆ ತಡೆಯನ್ನು ಸುರಕ್ಷತೆ ಅಂದುಕೊಳ್ಳಬೇಡಿ. ಅದು ನಿಮ್ಮ ಪಿಸ್ತೂಲಿನಲ್ಲಿ ಕೆಲಸ ಮಾಡುತ್ತದೆಯೇ ಎಂಬುದನ್ನು ಮಾತ್ರ ತಿಳಿದಿಟ್ಟುಕೊಳ್ಳಿ.

ಖಾಲಿ ಅಂತ ಖಾತ್ರಿಯಾದ ಮೇಲೆ ಖಾಲಿ ಮ್ಯಾಗಜಿನ್ ಹಾಕಿ ಸ್ಲೈಡ್ ಹಿಂದಕ್ಕೆ ಎಳೆಯಿರಿ. ಅದು ಹಿಂದೆಯೇ ನಿಲ್ಲಬೇಕು. ನಿಲ್ಲದಿದ್ದರೆ ಮ್ಯಾಗಜಿನ್ನೋ ಸ್ಲೈಡ್ ಸ್ಟಾಪೋ ಸವೆದಿದೆ. ನಾಳೆ ಗುಂಡು ಮುಗಿದದ್ದೇ ನಿಮಗೆ ತಿಳಿಯುವುದಿಲ್ಲ.

ಈಗ ಸೇಫ್ಟಿ. ಹ್ಯಾಮರ್ ಹಿಂದೆ ಇರಲಿ, ಸೇಫ್ಟಿ ಹಾಕಿ, ಟ್ರಿಗರ್ ಗಟ್ಟಿಯಾಗಿ ಒತ್ತಿ ಬಿಡಿ. ಹ್ಯಾಮರ್ ಬೀಳಬಾರದು. ಇಷ್ಟಕ್ಕೇ ನಿಲ್ಲಿಸುವವರು ಹೆಚ್ಚು, ಮುಖ್ಯವಾದ್ದು ಮುಂದಿದೆ. ಬೆರಳನ್ನು ಟ್ರಿಗರ್‌ನಿಂದ ಪೂರ್ತಿ ಹೊರಗಿಟ್ಟು ಸೇಫ್ಟಿ ತೆಗೆಯಿರಿ. ತೆಗೆದ ಕ್ಷಣ ತಾನಾಗಿ ಹ್ಯಾಮರ್ ಬಿದ್ದರೆ ಒಳಗಿನ ಕೊಕ್ಕೆ ಸವೆದಿದೆ ಎಂದರ್ಥ. ಅಂಥ ಪಿಸ್ತೂಲನ್ನು ಮೇಜಿನ ಮೇಲೇ ಬಿಟ್ಟು ಇನ್ನೊಂದು ಕೇಳಿ. ಹ್ಯಾಮರನ್ನು ಹಿಂದೆ ನಿಲ್ಲಿಸಿ ಹೆಬ್ಬೆರಳಿಂದ ಹಗುರವಾಗಿ ಮುಂದಕ್ಕೆ ತಳ್ಳಿಯೂ ನೋಡಿ, ಜಾರಬಾರದು.

ಗುಂಡಿನ ಹಿಂಬದಿಗೆ ಬಡಿಯುವ ಫೈರಿಂಗ್ ಪಿನ್‌ಗೆ ಹಳೆಯ ಆರ್ಮರರ್‌ಗಳ ಒಂದು ಪರೀಕ್ಷೆ ಇದೆ. ನಳಿಗೆಯೊಳಗೆ ಸಲೀಸಾಗಿ ಜಾರುವಂಥ ಒಂದು ಮರದ ಪೆನ್ಸಿಲು, ರಬ್ಬರ್ ಇರುವ ತುದಿ ಒಳಗೆ ಹೋಗುವಂತೆ ಇಳಿಬಿಡಿ. ಪಿಸ್ತೂಲಿನ ಬಾಯಿ ಮೇಲಕ್ಕೆ, ಮುಖದಿಂದ ದೂರ. ಟ್ರಿಗರ್ ಒತ್ತಿದರೆ ಪೆನ್ಸಿಲು ಟಣ್ಣನೆ ಹೊರಕ್ಕೆ ನೆಗೆಯಬೇಕು. ಒಂದು ಅಡಿಯೂ ಏಳದೆ ಸೋತು ಬಿದ್ದರೆ ಪಿನ್ನಿನ ತುದಿಯೋ ಸ್ಪ್ರಿಂಗೋ ಸೋತಿದೆ. ನನ್ನ ಮೇಜಿನ ಡ್ರಾಯರ್‌ನಲ್ಲಿ ಇದಕ್ಕೆಂದೇ ಒಂದು ಪೆನ್ಸಿಲು ಇತ್ತು. ಅದರಿಂದ ಒಂದು ಅಕ್ಷರವನ್ನೂ ಯಾರೂ ಬರೆಯಲಿಲ್ಲ. ಮೇಲ್ಛಾವಣಿಯ ಸುಣ್ಣದಲ್ಲಿ ಅದರ ಚುಕ್ಕೆಗಳು ಮಾತ್ರ ಬೇಕಾದಷ್ಟು.

ಸ್ಲೈಡ್ ಬಿಚ್ಚಿ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಒಳಗಿನ ಸುರುಳಿ ಗೆರೆಗಳು ಚೂಪಾಗಿ ಕಾಣಬೇಕು. ಕಪ್ಪು ಚುಕ್ಕೆ ಚುಕ್ಕೆಯಾಗಿ ಗುಳಿ ಬಿದ್ದಿದ್ದರೆ ತುಕ್ಕು ತಿಂದಿದೆ. ಒಂದು ಕಡೆ ಬಳೆಯಂತೆ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ, ಅದನ್ನು ಯಾವ ಕಾರಣಕ್ಕೂ ಒಪ್ಪಬೇಡಿ.

ರಿವಾಲ್ವರ್ ಆದರೆ ಪರೀಕ್ಷೆ ಚಿಕ್ಕದು. ಖಾಲಿ ಮಾಡಿ, ಟ್ರಿಗರ್ ಪೂರ್ತಿ ಎಳೆದು ಹಿಡಿದುಕೊಂಡು ಸಿಲಿಂಡರ್ ಅಲ್ಲಾಡಿಸಿ ನೋಡಿ. ಹಾಗೆ ಹಿಡಿದಾಗ ಅದು ಬಿಗಿಯಾಗಿ ನಿಂತಿರಬೇಕು. ಗಡಗಡ ಅಂದರೆ ಗುಂಡಿನ ಮನೆಯೂ ನಳಿಗೆಯೂ ನೇರಕ್ಕೆ ಬರುತ್ತಿಲ್ಲ, ಹೊಡೆದಾಗ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಆರೂ ಮನೆಗಳಿಗೆ ಇದೇ ಪರೀಕ್ಷೆ, ಒಂದಕ್ಕೆ ಮಾಡಿ ಬಿಡುವಂತಿಲ್ಲ. ನಡು ಮುರಿದು ತೆರೆಯುವ ಹಳೆಯ ಮಾದರಿಯಾದರೆ ಮೇಲಿನ ಕೊಂಡಿ ಬಿಗಿಯಾಗಿದೆಯೇ ನೋಡಿ.

ಮ್ಯಾಗಜಿನ್ ಮತ್ತು ಗುಂಡು

ಪಿಸ್ತೂಲು ಕೈಕೊಟ್ಟಿತು ಅನ್ನುವ ದೂರುಗಳಲ್ಲಿ ನನ್ನ ಮೇಜಿಗೆ ಬಂದವು ಅರ್ಧಕ್ಕಿಂತ ಹೆಚ್ಚು ಮ್ಯಾಗಜಿನ್‌ನದ್ದೇ ತಪ್ಪು. ತುದಿಯ ಎರಡು ತುಟಿಗಳು ಸಮವಾಗಿ ಬಾಗಿವೆಯೇ, ಮೈಗೆಲ್ಲಾದರೂ ತಗ್ಗು ಬಿದ್ದಿದೆಯೇ, ಒಳಗಿನ ತಟ್ಟೆಯನ್ನು ಒತ್ತಿ ಬಿಟ್ಟರೆ ತಡೆಯದೆ ಮೇಲಕ್ಕೆ ಬರುತ್ತದೆಯೇ ನೋಡಿ. ಎರಡು ಮ್ಯಾಗಜಿನ್ ಕೇಳಿ ಪಡೆಯಿರಿ. ತಳದಲ್ಲಿ ಬಣ್ಣದಿಂದ 1, 2 ಅಂತ ಗುರುತು ಹಾಕಿ, ಯಾವುದು ತಕರಾರು ಮಾಡುತ್ತದೆ ಎಂದು ಆಗ ತಿಳಿಯುತ್ತದೆ. ಹದಿಮೂರು ಹಿಡಿಯುತ್ತದೆ ಅಂತ ಹದಿಮೂರನ್ನೂ ತುರುಕಬೇಕಿಲ್ಲ. ಹಳೆಯ ಸ್ಪ್ರಿಂಗ್ ಇದ್ದರೆ ನಾನು ಒಂದು ಕಡಿಮೆಯೇ ಹಾಕಿಸುತ್ತಿದ್ದೆ.

ಗುಂಡನ್ನು ಎಣಿಸಿಕೊಳ್ಳುವುದಷ್ಟೇ ಅಲ್ಲ, ಒಂದೊಂದನ್ನೂ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಕಾರ್ಖಾನೆಯ ಅಕ್ಷರವೂ ತಯಾರಾದ ವರ್ಷವೂ ಒತ್ತಿರುತ್ತದೆ. ಪುಣೆಯ ಖಡ್ಕಿ ಕಾರ್ಖಾನೆಯದಾದರೆ ‘ಕೆಎಫ್’. ತೀರಾ ಹಳೆಯ ವರ್ಷದವನ್ನು ಅಭ್ಯಾಸಕ್ಕೆ ಕೊಡಿ ಅನ್ನಿ, ಸೊಂಟಕ್ಕೆ ಈಚಿನವನ್ನು ಕೇಳಿ. ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕದೆ ಬಿಟ್ಟರೆ ಹಸಿರು ಹಿಡಿಯುತ್ತದಲ್ಲ, ಆ ಕಿಲುಬು ಗುಂಡಿನ ಮೈಮೇಲೆ ಕಂಡರೆ ವಾಪಸ್ ಮಾಡಿ. ಹಿಂದಿನವರು ಅದನ್ನು ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿ ವರ್ಷಗಟ್ಟಲೆ ಬಿಟ್ಟಿದ್ದಾರೆ. ಚರ್ಮ ಹದ ಮಾಡಿದ ಉಪ್ಪು, ಬೆವರಿನ ಉಪ್ಪು ಎರಡೂ ಸೇರಿ ಹಿತ್ತಾಳೆಯನ್ನು ತಿನ್ನುತ್ತವೆ. ಕಿಲುಬನ್ನು ಕೆರೆದು ಹಾಕಿಕೊಳ್ಳುವ ಜಾಣರೂ ಇದ್ದರು. ಕೆರೆದರೆ ಮೈ ತೆಳುವಾಗುತ್ತದೆ ಅಷ್ಟೆ.

ಹೊಡೆದು ನೋಡದೆ ನಂಬಬೇಡಿ

ಪಿಸ್ತೂಲು ಪಡೆದ ಮೊದಲ ತಿಂಗಳಲ್ಲೇ ಆರ್‌ಪಿಐ (ಮೀಸಲು ಪಡೆಯ ಇನ್‌ಸ್ಪೆಕ್ಟರ್) ಅವರಿಗೆ ಮನವಿ ಕೊಟ್ಟು ಫೈರಿಂಗ್‌ಗೆ ಹೋಗಿ. ಹತ್ತು ಗಜದಿಂದ ನಿಧಾನಕ್ಕೆ ಐದು ಗುಂಡು. ನಡುಬಿಂದುವಿಗೆ ಬಿತ್ತೇ ಇಲ್ಲವೇ ಅನ್ನುವುದು ಆಮೇಲೆ, ಐದೂ ಒಂದೇ ಕಡೆ ಗುಂಪಾದವೇ ನೋಡಿ. ಬಲಗೈಯವರ ಗುಂಡುಗಳು ಎಡಕ್ಕೆ ಕೆಳಕ್ಕೆ ಹೋಗುತ್ತಿದ್ದರೆ ಪಿಸ್ತೂಲನ್ನು ಬೈಯಬೇಡಿ, ನೀವು ಟ್ರಿಗರನ್ನು ಜಗ್ಗುತ್ತಿದ್ದೀರಿ. ಗುಂಪು ಬಿಗಿಯಾಗಿದ್ದೂ ಒಂದೇ ಬದಿಗೆ ಸರಿದಿದ್ದರೆ ಪಕ್ಕದವರ ಕೈಗೆ ಕೊಟ್ಟು ಹೊಡೆಸಿ. ಅವರದ್ದೂ ಅಲ್ಲೇ ಬಿದ್ದರೆ ಗುರಿ ನೋಡುವ ಸೈಟ್ ಸರಿದಿದೆ, ಆರ್ಮರರ್ ತಟ್ಟಿ ಸರಿಮಾಡಿಕೊಡುತ್ತಾರೆ.

ಟ್ರಿಗರ್ ಒತ್ತಿಯೂ ಗುಂಡು ಹಾರದಿದ್ದರೆ ತಟ್ಟನೆ ತಿರುಗಿಸಿ ನೋಡಬೇಡಿ. ಬಾಯಿ ಗುರಿಯ ಕಡೆಗೇ ಇರಲಿ, ಮೂವತ್ತು ಸೆಕೆಂಡು ಎಣಿಸಿ. ಕೆಲವೊಮ್ಮೆ ಮದ್ದು ತಡವಾಗಿ ಹತ್ತುತ್ತದೆ.

ನಮ್ಮ ಸೀಮೆಯ ವಿಷಯ ಇಲ್ಲೇ ಹೇಳಬೇಕು. ಕೊಪ್ಪಳ, ಗಂಗಾವತಿ, ಕಂಪ್ಲಿ, ಮಸ್ಕಿ, ಎತ್ತ ನೋಡಿದರೂ ಹೆಬ್ಬಂಡೆ. 9 ಎಂಎಂನ ಸೇವಾ ಗುಂಡಿಗೆ ತಾಮ್ರದ ಹೊದಿಕೆ ಗಟ್ಟಿ. ಬಂಡೆಗೆ ಓರೆಯಾಗಿ ಬಡಿದರೆ ಅದು ಎತ್ತ ಹಾರುತ್ತದೆ ಎಂದು ಬ್ರಹ್ಮನಿಗೂ ಗೊತ್ತಾಗದು. ಮೈಗೆ ಬಿದ್ದರೂ ಆಚೆಗೆ ತೂರಿ ಹಿಂದಿನವರಿಗೆ ತಾಗಬಹುದು. ಹಂಪೆ ಉತ್ಸವವೋ ಗವಿಮಠದ ಜಾತ್ರೆಯೋ ಬಂದೋಬಸ್ತಿಗೆ ನಿಂತಾಗ ನಿಮ್ಮ ಎದುರು, ಹಿಂದೆ, ಪಕ್ಕ ಎಲ್ಲ ಜನ. ಗಾಳಿಯಲ್ಲಿ ಹಾರಿಸುತ್ತೇನೆ ಅಂದರೆ ಆ ಗುಂಡು ಮೇಲೆಯೇ ಉಳಿಯುವುದಿಲ್ಲ, ಯಾರದ್ದೋ ತಲೆ ಮೇಲೆ ಇಳಿಯುತ್ತದೆ.

ಹೋಲ್ಸ್ಟರ್ ಮತ್ತು ದಾರ

ಪಿಸ್ತೂಲಿಗೆ ಇಷ್ಟು ಹೊತ್ತು ಕೊಟ್ಟವರು ಅದನ್ನಿಡುವ ಸೊಂಟದ ಚೀಲ, ಅಂದರೆ ಹೋಲ್ಸ್ಟರನ್ನು, ಬಜಾರಿನ ಯಾವುದೋ ಅಂಗಡಿಯಿಂದ ತರುತ್ತಾರೆ. ಇಲಾಖೆ ಕೊಟ್ಟದ್ದು ಸಡಿಲವಾಗಿದ್ದರೆ ಹೊಲಿಸಿಕೊಳ್ಳಿ, ಇಲ್ಲವೇ ನಿಮ್ಮ ಮಾದರಿಗೇ ಮಾಡಿದ ಗಟ್ಟಿ ಹೋಲ್ಸ್ಟರ್ ಕೊಳ್ಳಿ. ಪರೀಕ್ಷೆ ಹೀಗೆ: ಖಾಲಿ ಪಿಸ್ತೂಲು ಇಟ್ಟು ಗುಂಡಿ ಹಾಕಿ ಮೆತ್ತನೆ ಹಾಸಿಗೆಯ ಮೇಲೆ ತಲೆಕೆಳಗು ಮಾಡಿ ಅಲ್ಲಾಡಿಸಿ. ಬೀಳಬಾರದು. ಟ್ರಿಗರ್ ಪೂರ್ತಿ ಮುಚ್ಚಿರಬೇಕು. ಹಿಂದಿನಿಂದ ಒಬ್ಬರು ಕೈ ಹಾಕಿ ಎಳೆಯಲಿ, ನೀವು ಮೊಣಕೈ ಒತ್ತಿ ತಡೆಯಿರಿ. ಹುಲಿಗಿ ಅಮ್ಮನ ಗುಡಿಯ ನೂಕುನುಗ್ಗಲಲ್ಲಿ ಇದು ಬೇಕಾಗುತ್ತದೆ. ಜೀಪಿನ ಸೀಟಿನಲ್ಲಿ ಕೂತು ಸೀಟ್ ಬೆಲ್ಟ್ ಹಾಕಿ, ಪಿಸ್ತೂಲು ಹೊರತೆಗೆಯಲಾಗುತ್ತದೆಯೇ ಅಂತಲೂ ನೋಡಿ. ಮಹಿಳೆಯರಿಗೆ ಬೆಲ್ಟ್ ಸ್ವಲ್ಪ ಮೇಲೆ ಕೂರುವುದರಿಂದ ಹಿಡಿಕೆ ಪಕ್ಕೆಲುಬಿಗೆ ಒತ್ತುತ್ತದೆ, ಎರಡು ಬೆರಳು ಕೆಳಕ್ಕೆ ಇಳಿಬಿಟ್ಟ ಹೋಲ್ಸ್ಟರ್ ವಾಸಿ.

ಪಿಸ್ತೂಲನ್ನು ಮೈಗೆ ಕಟ್ಟಿಡುವ ಲ್ಯಾನ್‌ಯಾರ್ಡ್ ದಾರ ಹಾಕುವುದು ಹಳೇ ಫ್ಯಾಷನ್ ಅಂತ ಈಗಿನವರು ಬಿಡುತ್ತಾರೆ. ರಾತ್ರಿ ತುಂಗಭದ್ರೆಯ ದಂಡೆಯಲ್ಲಿ ಮರಳು ಲಾರಿ ಬೆನ್ನಟ್ಟಿ ಕೆಸರಿನಲ್ಲಿ ಬಿದ್ದು ಎದ್ದ ಒಬ್ಬರು, ಮೊಬೈಲ್ ಬೆಳಕಲ್ಲಿ ಬೆಳಗಿನ ಜಾವದವರೆಗೂ ಪಿಸ್ತೂಲು ಹುಡುಕಿದ್ದನ್ನು ನಾನು ಬಲ್ಲೆ. ಸಿಕ್ಕಿತು. ಸಿಗದಿದ್ದರೆ ಅಮಾನತು ಖಂಡಿತ.

ಧೂಳು, ಬೂದಿ, ಬೆವರು

ಬಳ್ಳಾರಿಯ ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು. ರಾಯಚೂರಿನ ಶಕ್ತಿನಗರದಲ್ಲಿ ಹಾರುಬೂದಿ. ಸಿರುಗುಪ್ಪ, ಸಿಂಧನೂರು ಗದ್ದೆಗಳಲ್ಲಿ ತೇವ. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಖಾಕಿ ಅಂಗಿ ಮಧ್ಯಾಹ್ನದೊಳಗೆ ಉಪ್ಪಿನ ಗೆರೆ ಎಳೆದುಕೊಳ್ಳುತ್ತದೆ. ಅದೇ ಉಪ್ಪು ಪಿಸ್ತೂಲಿನ ಎಡಬದಿಗೂ ತಾಗುತ್ತದೆ. ತುಕ್ಕು ಮೊದಲು ಕಾಣುವುದು ಮೈಗೆ ಅಂಟಿಕೊಂಡಿರುವ ಆ ಬದಿಯಲ್ಲಿ, ಹಿಡಿಕೆಯ ಸ್ಕ್ರೂ ಸುತ್ತ.

ಹೊಸಬರು ಮಾಡುವ ತಪ್ಪು ಎಣ್ಣೆ ಕಡಿಮೆ ಹಾಕುವುದಲ್ಲ, ಸುರಿಯುವುದು. ಎಣ್ಣೆ ಹೆಚ್ಚಾದರೆ ಸಂಡೂರಿನ ಧೂಳು ಅದಕ್ಕೆ ಕೂತು ಗಂಧ ತೇಯ್ದಂತೆ ಕೆಂಪು ಮುದ್ದೆಯಾಗುತ್ತದೆ, ಸ್ಲೈಡಿನ ಹಳಿಗಳನ್ನು ಸಾಣೆ ಹಿಡಿದ ಹಾಗೆ ಸವೆಸುತ್ತದೆ. ಗುಂಡಿನ ಹಿಂಬದಿಗೆ ಎಣ್ಣೆ ಇಳಿದರೆ ಮದ್ದಿಗೆ ಕಿಡಿ ಕೊಡುವ ಕ್ಯಾಪ್ ಹತ್ತದೆ ಹೋಗಬಹುದು. ಒಣ ಚಿಂದಿಯಿಂದ ಪೂರ್ತಿ ಒರೆಸಿ, ಬೆರಳ ತುದಿಗೆ ಒಂದು ಹನಿ ತೆಗೆದುಕೊಂಡು ಹಳಿಗೆ ಸವರಿ, ಮತ್ತೆ ಒರೆಸಿ. ಬೆಳಕಿಗೆ ಹಿಡಿದರೆ ಮಿನುಗಬೇಕು, ಬೆರಳಿಗೆ ಹನಿ ಅಂಟಬಾರದು. ಬೇಸಿಗೆಯಲ್ಲಿ ವಾರಕ್ಕೆರಡು ಸಲ, ಉಳಿದ ಕಾಲದಲ್ಲಿ ಒಂದು ಸಲ. ತೆಂಗಿನೆಣ್ಣೆ, ಹೊಲಿಗೆ ಮಷೀನಿನ ಎಣ್ಣೆ ಬೇಡ. ಕೊಬ್ಬರಿ ಎಣ್ಣೆ ಹಚ್ಚಿ ತಂದ ಪಿಸ್ತೂಲು ಒಂದು ಬಂದಿತ್ತು, ಅಂಟು ಕಟ್ಟಿ ಸ್ಲೈಡ್ ತೆಗೆಯಲು ಇಬ್ಬರು ಬೇಕಾದೆವು. ಶಸ್ತ್ರಾಗಾರದಲ್ಲಿ ಹಬ್ಬದ ಅಡುಗೆಮನೆಯ ವಾಸನೆ.

ರಾತ್ರಿ ಪಿಸ್ತೂಲನ್ನು ಹೋಲ್ಸ್ಟರ್‌ನಲ್ಲೇ ಮಲಗಿಸಬೇಡಿ. ಚರ್ಮ ಹೀರಿದ ಬೆವರು ಅಲ್ಲೇ ಇರುತ್ತದೆ. ಬಾಡಿಗೆ ಮನೆಯಲ್ಲಿದ್ದರೆ, ಮಕ್ಕಳಿದ್ದರೆ, ಪಿಸ್ತೂಲು ಬೇರೆ ಬೀಗದೊಳಗೆ, ಗುಂಡು ಬೇರೆ ಬೀಗದೊಳಗೆ. ದಿಂಬಿನ ಕೆಳಗೆ ಇಡುವವರ ಜೊತೆ ನನಗೆ ಮಾತಿಲ್ಲ.

ತುಂಬುವುದು, ಖಾಲಿ ಮಾಡುವುದು ಠಾಣೆಯ ಹೊರಗಿನ ಮರಳು ತುಂಬಿದ ಡ್ರಮ್ಮಿನ ಮುಂದೆಯೇ. ಡ್ರಮ್ ಇಲ್ಲದಿದ್ದರೆ ಒಂದು ಹಳೇ ಟಾರ್ ಡ್ರಮ್ಮಿಗೆ ಮರಳು ತುಂಬಿಸಿ ಇಡಿಸಿ. ಹೊಸ ಪಿಎಸ್‌ಐ ಬಂದ ಮೊದಲ ವಾರ ಮಾಡಬಹುದಾದ ಅಗ್ಗದ ಕೆಲಸ. ಚೇಂಬರ್ ಖಾಲಿ ಇಟ್ಟು ಒಯ್ಯಬೇಕೋ, ತುಂಬಿ ಸೇಫ್ಟಿ ಹಾಕಿ ಒಯ್ಯಬೇಕೋ ಎಂಬುದಕ್ಕೆ ಮೇಲಧಿಕಾರಿಗಳ ಆದೇಶವೇ ಕೊನೆ ಮಾತು. ಹ್ಯಾಮರನ್ನು ಅರ್ಧಕ್ಕೆ ನಿಲ್ಲಿಸಿ ಅದನ್ನೇ ಸೇಫ್ಟಿ ಅಂದುಕೊಳ್ಳುವ ಮೂರನೇ ದಾರಿ ಮಾತ್ರ ಯಾರೇ ಹೇಳಿದರೂ ಬೇಡ.

ವಹಿ, ನಂಬರು, ಕಾನೂನು

ಪಿಸ್ತೂಲಿನ ಮೈಮೇಲಿನ ನಂಬರನ್ನು ನೀವೇ ಓದಿ, ವಹಿಯಲ್ಲಿ ಬರೆದದ್ದರ ಜೊತೆ ಅಂಕೆ ಅಂಕೆ ಹೋಲಿಸಿ ಸಹಿ ಮಾಡಿ. 3 ಮತ್ತು 8 ಸವೆದರೆ ಒಂದೇ ಥರ ಕಾಣುತ್ತವೆ, ಭೂತಗನ್ನಡಿ ಕೇಳಿ. ಗುಂಡಿನ ಎಣಿಕೆಯೂ ಬರೆಯಿಸಿ. ಅಭ್ಯಾಸದಲ್ಲಿ ಹಾರಿಸಿದ್ದಕ್ಕೆ ಖಾಲಿ ಕಾಟ್ರಿಜ್ ಎಣಿಸಿ ವಾಪಸ್ ಕೊಡಿ.

ಇದು ಗುಮಾಸ್ತರ ಕೆಲಸ ಅನಿಸಬಹುದು. ಪೊಲೀಸ್ ಗುಂಡಿಗೆ ಸಾವು ಸಂಭವಿಸಿದ ಪ್ರಕರಣಗಳಿಗೆ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ 16 ಮಾರ್ಗಸೂಚಿ ಕೊಟ್ಟಿದೆ. ಅದರಲ್ಲಿ ಒಂದು, ಸಂಬಂಧಪಟ್ಟ ಅಧಿಕಾರಿ ತನ್ನ ಆಯುಧವನ್ನು ವಿಧಿವಿಜ್ಞಾನ ಪರೀಕ್ಷೆಗೆ ಒಪ್ಪಿಸಬೇಕು ಎನ್ನುವುದು. ಆ ದಿನ ವಹಿಯ ನಂಬರಿಗೂ ಪಿಸ್ತೂಲಿನ ನಂಬರಿಗೂ ಒಂದು ಅಂಕೆ ವ್ಯತ್ಯಾಸವಿದ್ದರೆ ನಿಮ್ಮ ಉತ್ತರಕ್ಕೆ ಬೆಲೆ ಇರುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮನ್ನೂ ಒಮ್ಮೆ ಕೂತು ಓದಿ. ಬಂಧಿಸಲು ಬಲ ಬಳಸಬಹುದು, ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪವಿಲ್ಲದ ವ್ಯಕ್ತಿಯ ಸಾವಿಗೆ ಕಾರಣವಾಗುವ ಹಕ್ಕನ್ನು ಆ ಕಲಂ ಕೊಡುವುದಿಲ್ಲ. ಓಡಿಹೋಗುವ ಮೊಬೈಲ್ ಕಳ್ಳನ ಹಿಂದೆ ಪಿಸ್ತೂಲು ತೆಗೆಯುವ ಮೊದಲು ಇದು ನೆನಪಿರಬೇಕು.

ಸ್ವಂತದ್ದೊಂದು ಕೊಳ್ಳಲೇ?

ಅನೇಕರು ಕೇಳುತ್ತಾರೆ. 9 ಎಂಎಂ ಸೇವಾ ಗುಂಡು ಹಿಡಿಯುವ ಪಿಸ್ತೂಲು, .380 ರಿವಾಲ್ವರ್ ಇವು ಖಾಸಗಿಯವರಿಗೆ ನಿಷೇಧಿತ ಬೋರ್ (ನಳಿಗೆಯ ಅಳತೆ). ಸಾಮಾನ್ಯ ಲೈಸೆನ್ಸ್‌ಗೆ ಸಿಗುವುದು .32ರ ರಿವಾಲ್ವರ್, ಪಿಸ್ತೂಲು, ಹೆಚ್ಚಾಗಿ ಕಾನ್ಪುರ, ಇಶಾಪುರ ಕಾರ್ಖಾನೆಗಳವು. ಪರವಾನಗಿಗೆ ಜಿಲ್ಲಾಧಿಕಾರಿಗಳಿಗೆ ಅರ್ಜಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ, ಲೈಸೆನ್ಸ್ ಅವಧಿ ಐದು ವರ್ಷ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಐದು ವರ್ಷ ಬೇಡ. ಆ ದುಡ್ಡಿಗೆ ಒಳ್ಳೆಯ ಹೋಲ್ಸ್ಟರ್, ಒಂದು ಟಾರ್ಚ್, ಕಿವಿಗೆ ಇಯರ್ ಮಫ್ ಬರುತ್ತದೆ, ಉಳಿದದ್ದರಲ್ಲಿ ಮನೆಯವರಿಗೊಂದು ಇಳಕಲ್ ಸೀರೆಯೂ ಬರುತ್ತದೆ.

ವರ್ಗಾವಣೆಯಾದಾಗ

ಆದೇಶ ಬಂದ ಸಂಜೆಯೇ ಪಿಸ್ತೂಲು ಬಿಚ್ಚಿ ಒರೆಸಿ, ಎರಡೂ ಮ್ಯಾಗಜಿನ್, ಎಣಿಸಿದ ಗುಂಡು ಸಮೇತ ನೀವೇ ಹೋಗಿ ಒಪ್ಪಿಸಿ, ಪೇದೆಯ ಕೈಲಿ ಕಳಿಸಬೇಡಿ. ಆ ಪಿಸ್ತೂಲಿನ ಗುಣವನ್ನು ಒಂದು ಚೀಟಿಯಲ್ಲಿ ಬರೆಯಿರಿ: ಎರಡನೇ ಮ್ಯಾಗಜಿನ್ ಬಿಗಿ, ಗುಂಡು ಹತ್ತು ಗಜಕ್ಕೆ ಒಂದಿಂಚು ಬಲಕ್ಕೆ ಬೀಳುತ್ತದೆ, ಸೇಫ್ಟಿ ಮಳೆಗಾಲದಲ್ಲಿ ಗಡುಸು, ಹೀಗೆ. ನಿಮ್ಮ ನಂತರ ಅದನ್ನು ಹಿಡಿಯುವವರಿಗೆ ಮೊದಲ ತಿಂಗಳು ಉಳಿಯುತ್ತದೆ. ಚೀಟಿಯನ್ನು ಹೋಲ್ಸ್ಟರ್ ಒಳಗೆ ಮಾತ್ರ ತುರುಕಬೇಡಿ, ನಮ್ಮ ಕಡೆಯ ಬೆವರಿಗೆ ಶಾಯಿ ನಿಲ್ಲುವುದಿಲ್ಲ. ಆರ್ಮರರ್ ಕೈಗೆ ಕೊಡಿ, ಅವರು ವಹಿಯ ಆ ಪುಟಕ್ಕೇ ಗುಂಡುಸೂಜಿ ಚುಚ್ಚಿ ಇಡುತ್ತಾರೆ.